‘ಈ’ ಅಕ್ಷರದ ಪಾಠ

ಜವನಗೊಂಡನಹಳ್ಳಿ
14-2-1980

ಅಮ್ಮನಿಗೆ ನಮಸ್ಕಾರ.

ನೀರು ಬದಲಾಗಿ ಹಿಡಿದಿದ್ದ ಕೆಮ್ಮು ವಾಸಿಯಾಗಿದೆ, ಆ ಚಿಂತೆ ಬಿಡು. ಇಲ್ಲಿನ ಹೆಂಗಸರು ಉಣ್ಣೆ ನೂಲುತ್ತಲೇ ಅಕ್ಷರ ಕಲಿಯುತ್ತಾರೆ. ಕೈ ನಿಲ್ಲುವುದೇ ಇಲ್ಲ. ಅವರಿಗಾಗಿ ನಾನು ಬರೆದ ಪುಸ್ತಕದಲ್ಲಿ ‘ಈ’ ಅಕ್ಷರಕ್ಕೆ ‘ಈರಬಸಪ್ಪ ಕಂಬಳಿ ನೇಯುತ್ತಾನೆ’ ಎಂಬ ಪಾಠವಿದೆ. ಈ ಕಡೆಯ ಹೆಸರಾದರೆ ಅವರಿಗೆ ಹತ್ತಿರವಾದೀತು ಎಂದುಕೊಂಡಿದ್ದೆ.

ಆ ಪುಟವನ್ನು ಗಟ್ಟಿಯಾಗಿ ಓದಿದವರಿಗೆ ಹಿರಿಯೂರಿನಲ್ಲಿ ಹೊಲಿಗೆ ತರಬೇತಿ. ಗಂಗಕ್ಕ ಎಂಬಾಕೆ, ಹೊಲಿಗೆ ಕಲಿತರೆ ಕೂಲಿಗೆ ಹೋಗುವುದು ತಪ್ಪುತ್ತದೆಂದು ದಿನಾ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವಳು, ಪುಟ ನೋಡಿ ತಲೆ ತಗ್ಗಿಸಿಬಿಟ್ಟಳು. ಎರಡು ಸಲ ಗದರಿದೆ. ಆಮೇಲೆ ‘ಓದಲು ಬಾರದು’ ಎಂದು ಬರೆದು ಪಟ್ಟಿ ಕಳಿಸಿದೆ.

ಇವತ್ತು ಅವಳ ಪಕ್ಕದ ಮನೆಯ ಬರಗೇರಮ್ಮ, “ಅದು ಅವಳ ಗಂಡನ ಹೆಸರು ಕಣ್ರೀ ಮೇಡಂ, ಹೆಂಗೆ ಅಂತಾಳೆ?” ಎಂದಳು. ಗಂಗಕ್ಕನ ಮನೆಗೆ ಓಡಿದೆ. ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಓದಾಕೆ ಬರತೈತ್ರಿ. ಬಾಯಿಬಿಟ್ಟು ಅನ್ನಂಗಿಲ್ಲ,” ಎಂದು ಹೇಳಿ ನೂಲುತ್ತ ಕೂತಳು.

ತರಬೇತಿ ಸೋಮವಾರವೇ ಶುರುವಾಗಿದೆ. ಇನ್ನು ಹೊಸ ಹೆಸರು ಸೇರಿಸಲಾಗುವುದಿಲ್ಲವಂತೆ.

ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ನನಗೆ ತಿಳಿಯದ ಸಂಗತಿಯೇನೂ ಅಲ್ಲ ಇದು. ರೇಷನ್ ಅಂಗಡಿಯವನು ಯಜಮಾನರ ಹೆಸರು ಕೇಳಿದಾಗಲೆಲ್ಲ ನೀನು ನನ್ನ ಬೆನ್ನು ತಟ್ಟುತ್ತಿದ್ದೆ. ನಿನ್ನ ಬದಲು ಅಪ್ಪನ ಹೆಸರು ಹೇಳುತ್ತಿದ್ದವಳು ನಾನೇ ಅಲ್ಲವೇ ಅಮ್ಮ.

ನಿನ್ನ
ಪ್ರಮೀಳೆ