ಹಾಲೇಶನ ಕುರ್ಚಿಯಲ್ಲಿ ನಾನು ಆಡಿದ ಮಾತು

ಪ್ರೀತಿಯ ಜುಂಜ,

ಈ ಕಾಗದ ನಿನ್ನ ಕೈಗೆ ಬರುವಷ್ಟರಲ್ಲಿ ಬೀರಣ್ಣ ನಿನ್ನ ವಿರುದ್ಧ ಮಾತಾಡಿದನಂತೆ ಎಂಬ ಸುದ್ದಿ ನಿನ್ನ ಮೊಬೈಲಿಗೆ ಬಂದು ಹಳೆಯದಾಗಿರುತ್ತದೆ. ಸುದ್ದಿ ಸುಳ್ಳಲ್ಲ. ಮೊನ್ನೆ ಭಾನುವಾರ ಹಿರಿಯೂರಿನಲ್ಲಿ, ಹಾಲೇಶನ ಕಟಿಂಗ್ ಶಾಪಿನಲ್ಲಿ, ಅಷ್ಟು ಜನರ ಎದುರಿಗೆ ಜುಂಜೇಶನಿಗೆ ಪುಣೆ ಟೀಮಿನವರು ಮೂರು ವರ್ಷದ ಆ ದೊಡ್ಡ ಕಾಂಟ್ರಾಕ್ಟ್ ಕೊಡಬಾರದು ಎಂದು ಹೇಳಿದವನು ನಾನೇ. ನಿನಗೆ ಕಬಡ್ಡಿ ಕಲಿಸಿದವನೂ ನಾನೇ. ಎರಡೂ ನಿಜ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯಿತಾ, ಬಿಸಿಲು ಹೇಗಿದೆ ಎನ್ನುವುದರ ಆಚೆಗೆ ಹೋದವರಲ್ಲ. ವಾಟ್ಸಾಪಿಗೆ ಹಾಕಿದರೆ ಊರಿಗೆಲ್ಲ ಹಂಚಿದ ಹಾಗೆ. ಅದಕ್ಕೇ ಕೆಲಸದ ನಡುವೆ ಬಬ್ಬೂರು ಫಾರಂನ ಆಫೀಸಿನಲ್ಲಿ ನಾಲ್ಕು ಹಾಳೆ ಕೇಳಿಕೊಂಡು, ಬೀಜದ ಗೋದಾಮಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಾಳೆ ನಿನ್ನ ಅವ್ವ ನಿನ್ನ ಸೋದರಮಾವನ ಜೊತೆ ಪುಣೆಗೆ ಹೊರಡುತ್ತಾಳಲ್ಲ, ಅವಳ ಚೀಲದಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿಯ ಕೆಳಗೆ ಇದನ್ನು ಇಡುತ್ತೇನೆ. ನೀನು ಮೊದಲು ಕೈ ಹಾಕುವುದು ಆ ಡಬ್ಬಿಗೇ ಎಂದು ನನಗೆ ಗೊತ್ತು.

ಹಾಲೇಶನ ಅಂಗಡಿಯಲ್ಲಿ ಈಗ ಹದಿನೈದು ದಿನದಿಂದ ಬೇರೆ ಮಾತೇ ಇಲ್ಲ. ಕಟಿಂಗ್ ಮಾಡಿಸಿಕೊಳ್ಳುವವರಿಗಿಂತ ನಿನ್ನ ಬೆಲೆ ಕಟ್ಟುವವರೇ ಹೆಚ್ಚು. ಹಾಲೇಶ ನಿನ್ನ ಕಡೆ. ಕನ್ನಡಿಯ ಮೇಲೆ ನಿನ್ನ ಫೋಟೋ ಅಂಟಿಸಿದ್ದಾನೆ, ಅದರ ಮೇಲೆ ಶೇವಿಂಗ್ ನೊರೆ ಸಿಡಿದರೆ ತನ್ನ ಮುಖ ಒರೆಸಿಕೊಳ್ಳುವ ಮೊದಲು ಅದನ್ನು ಒರೆಸುತ್ತಾನೆ. ಬಸ್ ಡ್ರೈವರ್ ಆಗಿ ರಿಟೈರ್ ಆದ ದೊಡ್ಡತಿಮ್ಮಪ್ಪ ನಿನ್ನ ವಿರುದ್ಧ. ಆ ಮನುಷ್ಯ ನಿನ್ನ ಒಂದೊಂದು ರೈಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ, ನಿನ್ನನ್ನು ಅಷ್ಟು ಪ್ರೀತಿಯಿಂದ ನೋಡಿದವರು ಇನ್ನೊಬ್ಬರಿಲ್ಲ ಎಂದು ನನಗೆ ಅನಿಸುತ್ತದೆ.

“ಹೋದ್ ಸೀಸನ್ನಾಗೆ ಬಲಗಡೆ ತಿರುಗಿ ಒಂದಾದ್ರೂ ಪಾಯಿಂಟ್ ತಂದನೇನ್ರಿ?” ಎಂದು ಅವನು ನೋಟ್‌ಬುಕ್ ಬಡಿದ. “ದುಡ್ಡು ಬಂದ್ಮೇಲೆ ಕಾಲು ಭಾರ ಆಗ್ಯಾವೆ. ಮೈ ಬಗ್ಗಂಗಿಲ್ಲ ಈಗ.”

“ಅದ್ರ ಹಿಂದಿನ ಸೀಸನ್ನಾಗೆ ಟೀಮನ್ನ ಹೆಗಲ ಮ್ಯಾಲೆ ಹೊತ್ಕಂಡು ಫೈನಲ್‌ಗೆ ತಂದೋನು ಯಾರು? ನಿಮ್ ಬಸ್ಸಾ?” ಎಂದ ಹಾಲೇಶ.

ಭೀಮಸಮುದ್ರದಿಂದ ಬೈಕಿನಲ್ಲಿ ಬಂದಿದ್ದ ಅಡಿಕೆ ವ್ಯಾಪಾರದ ನಾಗರಾಜ್ ತನ್ನ ಸರದಿಗೆ ಕಾಯುತ್ತಿದ್ದ. “ನಾವು ಅಡಿಕೇನ ಹೋದ್ ವರ್ಷದ ರೇಟಿಗೆ ಕೊಳ್ಳಂಗಿಲ್ಲಪ್ಪ. ಈ ವರ್ಷದ ಮಾಲು ನೋಡಿ ರೇಟು. ಒಬ್ಬನಿಗೇ ಅಷ್ಟು ಸುರಿದ್ರೆ ಹಿಡಿಯೋ ಹುಡುಗರನ್ನ ಎಲ್ಲಿಂದ ತರ್ತಾರೆ?” ಎಂದ. ಕೆಲವರು ಹೌದು ಹೌದು ಎಂದರು. ನನ್ನ ಮುಖದ ತುಂಬ ನೊರೆ ಇತ್ತು. ಹಾಲೇಶನ ಕತ್ತಿ ಗಂಟಲ ಹತ್ತಿರ ಇತ್ತು. ಮಾತಾಡದೆ ಇರುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದುಕೊಂಡು ಕಣ್ಣು ಮುಚ್ಚಿದ್ದೆ.

ನಿನಗೆ ಗೊತ್ತಿರುವುದನ್ನೇ ಈಗ ಬರೆಯುತ್ತೇನೆ. ಬರೆಯದಿದ್ದರೆ ಅದು ನಡೆದದ್ದು ಹೌದೋ ಅಲ್ಲವೋ ಎಂದು ನನಗೇ ಅನುಮಾನ ಬರುವ ಹಾಗಾಗಿದೆ.

ಹೋದ ಮೇ ತಿಂಗಳು ನೀನು ಎಂಟು ದಿನದ ರಜೆಗೆ ಆದಿವಾಲಕ್ಕೆ ಬಂದಿದ್ದೆ. ನಮ್ಮ ಹೊಸ ಅಂಕಣ ಆಗಷ್ಟೇ ತಯಾರಾಗಿತ್ತು. ಮಣ್ಣು ಜರಡಿ ಹಿಡಿದು ಹಾಕಿದವನು ನಾನು, ಗೆರೆಗೆ ಸುಣ್ಣ ಎಳೆದವನು ನಾನು. ಮೊದಲ ರೈಡು ನಿನ್ನದೇ ಆಗಬೇಕು ಎಂದೆ. ನೀನು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ: “ಬ್ಯಾಡ ಬೀರಣ್ಣ. ಅಗ್ರಿಮೆಂಟ್ನಾಗೆ ಐತೆ, ಹೊರಗೆಲ್ಲೂ ಆಡಂಗಿಲ್ಲ.” ನಾನು ನಕ್ಕೆ. “ಇದು ಹೊರಗೇನಲೇ? ಇದು ನಿನ್ನ ಮನೆ ಅಂಗಳ” ಎಂದೆ. ನಿಜವಾಗಿಯೂ ಹಾಗೇ ನಂಬಿದ್ದೆ ಕಣೋ. ಆ ಕಾಗದ ಬರೆದವರಿಗೆ ಆದಿವಾಲವೂ ಹೊರಗೇ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ನೀನು ನನ್ನ ಮಾತು ತೆಗೆದುಹಾಕದೆ, ಎಲ್ಲರ ಮೊಬೈಲನ್ನೂ ಒಂದು ಚೀಲಕ್ಕೆ ಹಾಕಿಸಿ, ಬರೀ ಎಂಟೇ ಜನ ಇದ್ದಾಗ ಬೆಳಿಗ್ಗೆ ಅಂಕಣಕ್ಕೆ ಇಳಿದೆ.

ನೀನು ತಮಾಷೆಗೆಂದು ಆಡುತ್ತಿದ್ದೆ. ನಗುತ್ತ ನನ್ನ ಕೆನ್ನೆ ತಟ್ಟಿ ಹೋದೆ. ಹುಡುಗರು “ಬೀರಣ್ಣಂಗೆ ವಯಸ್ಸಾತು” ಎಂದು ಕೂಗಿದರು. ಮುಂದಿನ ಸಲ ನಾನು ಯಾವಾಗಲೂ ಕಾಯುವ ಎಡ ಮೂಲೆಗೆ ನೀನು ಬಂದಾಗ ಬಿದ್ದು ನಿನ್ನ ಬಲ ಹಿಮ್ಮಡಿ ಹಿಡಿದೆ. ನಿನ್ನ ಕಬಡ್ಡಿ ಕಬಡ್ಡಿ ನಿಂತಿತು. ಉಸಿರು ನಿಂತ ಮೇಲೆ ರೈಡು ಮುಗಿಯಿತು, ಹಿಡಿದವನು ಬಿಡಬೇಕು, ಇದನ್ನು ನಿನಗೆ ಹೇಳಿಕೊಟ್ಟವನೂ ನಾನೇ. “ಬಿಡು ಬೀರಣ್ಣ” ಎಂದೂ ಅಂದೆ ನೀನು. ನಾನು ಬಿಡಲಿಲ್ಲ. ಇನ್ನೊಂದು ಸುತ್ತು ತಿರುಚಿದೆ. ಯಾಕೆ ಎಂದು ಈ ಹತ್ತು ತಿಂಗಳಲ್ಲಿ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಟೀವಿಯಲ್ಲಿ ಬರುವವನನ್ನು ನಾನು ಇನ್ನೂ ಹಿಡಿಯಬಲ್ಲೆ ಎಂದು ಅಲ್ಲಿದ್ದ ಹುಡುಗರಿಗೆ ತೋರಿಸಬೇಕಿತ್ತು, ಅಷ್ಟೇ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಜುಂಜ. ಇದನ್ನು ಬರೆಯುವಾಗ ನಾಚಿಕೆ ಆಗಬೇಕು, ಆಗುತ್ತಿಲ್ಲ. ನಿನ್ನ ಮಂಡಿಯೊಳಗೆ ಏನೋ ಹರಿದದ್ದು ನನ್ನ ಅಂಗೈಗೆ ತಿಳಿಯಿತು. ಅವತ್ತಿನಿಂದ ನನಗೆ ಯಾವುದೂ ಸರಿಯಾಗಿ ತಿಳಿಯುತ್ತಿಲ್ಲ.

ನೀನು ಎದ್ದು ಮಣ್ಣು ಕೊಡವಿಕೊಂಡು “ಏನಿಲ್ಲ, ಏನಿಲ್ಲ” ಎಂದೆ. ಬಚ್ಚಲಲ್ಲಿ ಜಾರಿದೆ ಎಂದು ಟೀಮಿಗೆ ಹೇಳಿದೆ. ಇಡೀ ಸೀಸನ್ ಪಟ್ಟಿ ಬಿಗಿದು, ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಆಡಿದೆ. ನಿನ್ನ ಒಂದೊಂದು ಮ್ಯಾಚನ್ನೂ ನಾನು ಹಾಲೇಶನ ಅಂಗಡಿಯಲ್ಲೇ ನೋಡಿದೆ. ನೀನು ಬಲಕ್ಕೆ ತಿರುಗದೆ ಹಿಂದಕ್ಕೆ ಬಂದಾಗಲೆಲ್ಲ ದೊಡ್ಡತಿಮ್ಮಪ್ಪ ಬರೆದುಕೊಳ್ಳುತ್ತಿದ್ದ. ಜನವರಿಯಲ್ಲಿ ದಾವಣಗೆರೆಯ ಡಾಕ್ಟರು ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು, ಆಪರೇಷನ್ ಮಾಡಿಸಿ ಒಂದು ವರ್ಷ ಸುಮ್ಮನಿರಬೇಕು, ಹೀಗೇ ಇನ್ನೊಂದು ಸೀಸನ್ ಆಡಿದರೆ ಜೀವಮಾನವಿಡೀ ಕುಂಟುತ್ತೀಯ ಎಂದರು. ಆಗಲೂ ನಾನೇ ಹೊರಗೆ ಬಂದು “ಸುಮ್ನಿರು, ಸಹಿ ಆಗ್ಲಿ, ಆಮ್ಯಾಲೆ ನೋಡಾಣ” ಎಂದೆ. ನೀನು ಫಿಲ್ಮನ್ನು ನನ್ನ ಕೈಗೆ ಕೊಟ್ಟೆ. ನಾನು ಮನೆಯ ಅಟ್ಟದಲ್ಲಿ ಬಚ್ಚಿಟ್ಟೆ.

ನಿನ್ನ ಅವ್ವ ಯಲ್ಲಕ್ಕನಿಗೆ ಇದೊಂದೂ ಗೊತ್ತಿಲ್ಲ. ಈಗಲೂ ಕುರಿಗಳ ಹಿಂದೆ ಹೋಗುತ್ತಾಳೆ. ದಾರಿಯಲ್ಲಿ ಸಿಕ್ಕಿದವರು “ಏನಕ್ಕ, ಮಗಂಗೆ ದೊಡ್ಡ ಕಾಂಟ್ರಾಕ್ಟಂತೆ” ಎಂದರೆ, “ಕುರಿಹಟ್ಟಿಗೆ ಶೀಟ್ ಹಾಕಿಸ್ತಾನಂತೆ ಕಣಪ್ಪ” ಎನ್ನುತ್ತಾಳೆ. ಅವಳ ಲೆಕ್ಕಕ್ಕೆ ಅಷ್ಟೇ ಅದರ ಅಳತೆ.

ಇನ್ನೊಂದು ನೆನಪು, ಇದು ಯಾಕೆ ಈಗ ಬಂತೋ ಕಾಣೆ. ನೀನು ಎಂಟನೇ ಕ್ಲಾಸಿನಲ್ಲಿದ್ದೆ. ಹೊಸದುರ್ಗದವರ ಮೇಲೆ ಫೈನಲ್. ಕೊನೆಯ ರೈಡು ಅವರದು. ಅವರ ಹುಡುಗನ ಬೆರಳ ತುದಿ ನಿನ್ನ ಅಂಗಿಗೆ ತಾಗಿತು. ಅಂಪೈರ್ ನೋಡಲಿಲ್ಲ, ಜನ ನೋಡಲಿಲ್ಲ, ನಾನೂ ನೋಡಲಿಲ್ಲ. ನೀನು ಕೈ ಎತ್ತಿ ನಿನ್ನಷ್ಟಕ್ಕೆ ಹೊರಗೆ ನಡೆದೆ. ನಮ್ಮ ಅಂಕಣದಲ್ಲಿ ಇದು ಮೊದಲಿಂದ ನಡೆದುಬಂದದ್ದು, ತಾಗಿದವನು ತಾನೇ ಕೈ ಎತ್ತಬೇಕು, ಯಾರಾದರೂ ಕೇಳುವವರೆಗೆ ಕಾಯಬಾರದು. ಒಂದು ಪಾಯಿಂಟಿನಲ್ಲಿ ಸೋತೆವು. ಎಲ್ಲರ ಎದುರಿಗೆ ನಿನ್ನ ಬೆನ್ನು ತಟ್ಟಿದೆ. ಒಳಗೊಳಗೇ ಬೈದುಕೊಂಡೆ, ಈ ಪೆದ್ದನಿಗೆ ಅಷ್ಟು ಚೆನ್ನಾಗಿ ಯಾಕೆ ಕಲಿಸಿದೆನೋ ಎಂದು.

ಇನ್ನು ಭಾನುವಾರದ ಮಾತಿಗೆ ಬರುತ್ತೇನೆ. ವಾದ ಮುಗಿಯದೆ ಹಾಲೇಶ ಕತ್ತಿ ನಿಲ್ಲಿಸಿ, “ಯಾಕ್ ಬಡಿದಾಡ್ತೀರಿ? ಬೀರಣ್ಣ ಇಲ್ಲೇ ಅವ್ನೆ. ಜುಂಜನ್ನ ಅಂಕಣದಾಗೆ ಹತ್ತು ವರ್ಷ ಹಿಡ್ದೋನು. ನೀ ಹೇಳಣ್ಣ, ಕೊಡ್ಬೇಕೋ ಬ್ಯಾಡವೋ?” ಎಂದ. ಎಲ್ಲರೂ ಕನ್ನಡಿಯಲ್ಲಿ ನನ್ನನ್ನು ನೋಡಿದರು. ನೀನೂ ಮೇಲಿನ ಫೋಟೋದಿಂದ ನೋಡುತ್ತಿದ್ದೆ.

“ಕೊಡಬಾರ್ದು” ಎಂದೆ.

ದೊಡ್ಡತಿಮ್ಮಪ್ಪ “ನೋಡಿದ್ರಾ, ಅವನ ಗುರುನೇ ಹೇಳ್ತಾನೆ” ಎಂದು ತೊಡೆ ತಟ್ಟಿದ. ಆದರೆ ಗೆದ್ದ ಖುಷಿ ಅವನ ಮುಖದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ನೋಟ್‌ಬುಕ್ ಮಡಚಿ ಅಂಗಿಯೊಳಗೆ ಇಟ್ಟುಕೊಂಡ. ಹಾಲೇಶ ಕತ್ತಿಯನ್ನು ಒರೆಸಿ ಡಬ್ಬಿಯಲ್ಲಿಟ್ಟು, ನನ್ನ ಕತ್ತಿನ ಬಟ್ಟೆ ಬಿಚ್ಚಿ, “ಮಿಕ್ಕಿದ್ದು ಬ್ಯಾರೆ ಕಡೆ ಮಾಡಿಸ್ಕಳಣ್ಣ” ಎಂದ. ಅರ್ಧ ಗಡ್ಡ ಬೋಳಿಸಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದೆ. ಜನ ನೋಡಿ ನಕ್ಕರು. ನನಗೆ ಏನೂ ಅನಿಸಲಿಲ್ಲ. ಮನೆಗೆ ಬಂದು ಉಂಡೆ, ಖಾರವೋ ಸಪ್ಪೆಯೋ ಗೊತ್ತಾಗಲಿಲ್ಲ. ಇನ್ನರ್ಧ ಗಡ್ಡ ಇವತ್ತಿಗೂ ಹಾಗೇ ಇದೆ.

ದೊಡ್ಡತಿಮ್ಮಪ್ಪನ ಕಾರಣಕ್ಕೆ ನಾನು ಕೊಡಬಾರದು ಎನ್ನಲಿಲ್ಲ. ಆ ಕಾಂಟ್ರಾಕ್ಟಿಗೆ, ಅದರ ಎರಡರಷ್ಟಕ್ಕೂ ನೀನು ಯೋಗ್ಯ. ಆದರೆ ಅವರು ದುಡ್ಡು ಕೊಡುವುದು ಆ ಮಂಡಿಗೆ, ಆ ಮಂಡಿ ಮೇ ತಿಂಗಳಲ್ಲೇ ನನ್ನ ಕೈಯಲ್ಲಿ ಹೋಯಿತು. ಶುಕ್ರವಾರ ನೀನು ಸಹಿ ಹಾಕಿದರೆ ಮೂರು ವರ್ಷ ಆ ಕಾಲಿನ ಮೇಲೆ ಓಡಬೇಕು. ನಿನ್ನ ಮೂವತ್ತನೇ ವಯಸ್ಸಿಗೆ ಯಲ್ಲಕ್ಕ ಮುಂದೆ ಕುರಿ ಹೊಡೆದುಕೊಂಡು ಹೋಗಿ, ನೀನು ಹಿಂದೆ ಕೋಲೂರಿಕೊಂಡು ಬರುವುದನ್ನು ನಾನು ನೋಡಬೇಕು. ಅಷ್ಟನ್ನು ಅಂಗಡಿಯಲ್ಲಿ ಹೇಳುವುದಕ್ಕೆ ಆಗದೆ ಒಂದೇ ಮಾತು ಹೇಳಿ ಎದ್ದೆ. ಮಿಕ್ಕದ್ದನ್ನು ಹೇಳಿದ್ದರೆ ನೀನು ಹೊರಗೆ ಆಡಿದ್ದು ಬಯಲಾಗುತ್ತಿತ್ತು, ಸಿಗುವುದಿರಲಿ, ಸಿಕ್ಕಿದ್ದನ್ನೂ ವಾಪಸ್ ಕೇಳುತ್ತಿದ್ದರೇನೋ. ನಿನ್ನನ್ನು ಕೇಳದೆ ಅದನ್ನು ಮಾಡುವ ಹಕ್ಕು ನನಗಿಲ್ಲ.

ಅದಕ್ಕೇ ಇದರ ಜೊತೆ ಇನ್ನೆರಡು ಇಟ್ಟಿದ್ದೇನೆ. ಒಂದು, ಅಟ್ಟದಿಂದ ಇಳಿಸಿದ ಸ್ಕ್ಯಾನ್ ಫಿಲ್ಮು. ಇನ್ನೊಂದು, ನಿಮ್ಮ ಟೀಮಿನ ಮ್ಯಾನೇಜರ್ ಹೆಸರಿಗೆ ನಾನು ಬರೆದ ಹಾಳೆ. ಬೇಡವೆಂದವನನ್ನು ಆಡಿಸಿದವನು ನಾನು, ಹಿಡಿದವನು ನಾನು, ಉಸಿರು ನಿಂತ ಮೇಲೂ ಬಿಡದವನು ನಾನು, ಎಂದು ಕನ್ನಡದಲ್ಲೇ ಬರೆದು ಸಹಿ ಹಾಕಿದ್ದೇನೆ. ಕೇಳಿದರೆ ಪುಣೆಗೆ ಬಂದು ಎದುರಿಗೆ ನಿಂತು ಹೇಳುತ್ತೇನೆ. ಕೊಡುತ್ತೀಯೋ, ಹರಿದು ಹಾಕುತ್ತೀಯೋ, ಅದು ನಿನ್ನದು. ಸಹಿ ಹಾಕಿದರೂ ನಾನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ, ಹಾಲೇಶನ ಅಂಗಡಿಯಲ್ಲಿ ಕೂತು ನಿನ್ನ ಮ್ಯಾಚ್ ನೋಡು ಎಂದು ಮಾತ್ರ ಹೇಳಬೇಡ.

ನಿನ್ನ ಅವ್ವ ನಾಳೆಗೆ ಕಟ್ಟಿದ ಚೀಲ ಹಿಡಿದು ಇಲ್ಲಿಗೇ ಬಂದು ನಿಂತಿದ್ದಾಳೆ. “ಅಷ್ಟುದ್ದ ಏನ್ ಬರ್ದೆ ಬೀರಣ್ಣ?” ಎಂದು ಕೇಳುತ್ತಿದ್ದಾಳೆ. ಹೊಟ್ಟೆ ತುಂಬ ಉಣ್ಣು ಅಂತ ಬರೆದೆ ಎಂದೆ. “ಅಷ್ಟಕ್ಕೆ ನಾಕ್ ಹಾಳೆನಾ?” ಎಂದು ನಗುತ್ತಿದ್ದಾಳೆ. ಅವಳ ಹತ್ತಿರ ಹೇಳಿದ್ದು ಸುಳ್ಳಾಗದ ಹಾಗೆ ಇಲ್ಲಿ ಬರೆಯುತ್ತೇನೆ: ಹೊಟ್ಟೆ ತುಂಬ ಉಣ್ಣು.

ಅವತ್ತು ಬಿಡು ಬೀರಣ್ಣ ಎಂದು ನೀನು ಕೇಳಿದ್ದೆ. ಹತ್ತು ತಿಂಗಳು ತಡವಾಯಿತು. ಈಗ ಬಿಟ್ಟಿದ್ದೇನೆ.

ನಿನ್ನ ಎರಡೂ ಕಾಲು ಕೊನೆಯವರೆಗೆ ನಿನ್ನನ್ನು ಹೊತ್ತು ನಡೆಯಲಿ.

ಎಡ ಮೂಲೆಯ
ಬೀರಣ್ಣ