ವಿಷಯಕ್ಕೆ ಸಂಬಂಧಿಸದ ಒಂದು ಸಾವು

ಮೋಟಾರು-ಪಂಪು ದುರಸ್ತಿ ಆನ್‌ಲೈನ್ ವೇದಿಕೆಯ ನಿರ್ವಾಹಕರಿಗೆ,

ಮಾನ್ಯರೇ,

ಸಂಜೆ ಆರೂವರೆ. ಬೆಳಿಗ್ಗೆ ಅಂಗಡಿ ಕಸ ಹೊಡೆದೆ. ಮಧ್ಯಾಹ್ನ ಇಬ್ಬರು ಬಂದು, ಬಿಚ್ಚಿಟ್ಟಿದ್ದ ತಮ್ಮ ಮೋಟಾರುಗಳನ್ನು ಹಾಗೆಯೇ ವಾಪಸು ಒಯ್ದರು. ಈಗ ದೀಪ ಹಚ್ಚಿ ಕುಳಿತಿದ್ದೇನೆ. ದಿನಾ ಈ ಹೊತ್ತಿಗೆ ದಿನಚರಿಯಲ್ಲಿ ನಾಲ್ಕು ಸಾಲು ಬರೆಯುವುದು ನನ್ನ ರೂಢಿ. ಇವತ್ತು ಅದನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ. ನನ್ನ ಗಂಡ ತೀರಿಕೊಂಡ ಸುದ್ದಿ ನಿಮ್ಮ ವೇದಿಕೆಯಲ್ಲಿ ಎರಡು ಸಲ ಅಳಿಸಿಹೋಗಿದೆ. ಎರಡನೆಯ ಸಲ ಅಳಿಸಿದ್ದು ನಿಮ್ಮ ಕೈ.

ಅವರ ಹೆಸರು ಪಂಪಣ್ಣ. ಮಸ್ಕಿಯ ಬಸ್ ನಿಲ್ದಾಣದ ಹಿಂದೆ, ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅವರ ವೈಂಡಿಂಗ್ ಅಂಗಡಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲೂಕಿನ ಮೆಕಾನಿಕರು ಮತ್ತು ರೈತರು ನಿಮ್ಮ ವೇದಿಕೆಯಲ್ಲಿದ್ದಾರೆ. ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಕಾಲುವೆಗೆ ನೀರು ಬಿಟ್ಟ ದಿನವೇ ಯಾರದೋ ಮೋಟಾರು ನಿಲ್ಲುತ್ತಿತ್ತು, ಅವರು ಕೇಳುತ್ತಿದ್ದರು, ನನ್ನ ಗಂಡ ಊಟದ ತಾಟು ಸರಿಸಿ ಉತ್ತರ ಹೇಳುತ್ತಿದ್ದರು. ಬರೆಯುವುದು ಇವರಿಗೆ ತಡವಾಗುತ್ತಿತ್ತು, ಅದಕ್ಕೆ ಫೋನಿನಲ್ಲಿ ಮಾತಾಡಿ ದನಿಯಲ್ಲೇ ಕಳಿಸುತ್ತಿದ್ದರು. "ಮೊದ್ಲ ಫ್ಯೂಜ್ ತಗೀರಿ. ತಗದ್ರ್ಯಾ? ಸುಳ್ಳ ಹೇಳಬ್ಯಾಡ್ರಿ ಮತ್ತ. ತಗದ ಮ್ಯಾಲ ಮಾತಾಡೂಣು." ಹೋದ ತಿಂಗಳು ಅಂಗಡಿಯಲ್ಲೇ, ತಂತಿ ಸುತ್ತುತ್ತ, ಎದೆ ಹಿಡಿದುಕೊಂಡು ಕುಳಿತರು. ಲಿಂಗಸುಗೂರಿನ ಆಸ್ಪತ್ರೆ ಮುಟ್ಟಲಿಲ್ಲ.

ಮರುದಿನ ಮಣ್ಣು ಮಾಡುವುದೆಂದಾಯಿತು. ನಮ್ಮ ಕಡೆ ಮಣ್ಣಿಗೆ ಬರುವುದು ಎಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಅವರ ಫೋನು ತೆಗೆದು ಬರೆದೆ: "ಪಂಪಣ್ಣ ತೀರಿಕೊಂಡರು. ನಾಳೆ ಮಧ್ಯಾಹ್ನ ಮಸ್ಕಿಯಲ್ಲಿ ಮಣ್ಣು." ನಾನು ಫೋನು ಕೆಳಗಿಡುವುದರೊಳಗೆ ಅದು ಮಾಯವಾಗಿ, "ಇದು ವಿಷಯಕ್ಕೆ ಸಂಬಂಧಿಸಿಲ್ಲ" ಎಂಬ ಸಾಲು ಬಂತು. ಮೋಟಾರು, ಪಂಪು, ಸ್ಟಾರ್ಟರ್ ಇಂಥ ಶಬ್ದಗಳಿಲ್ಲದ ಸಂದೇಶವನ್ನು ವೇದಿಕೆಯ ಯಂತ್ರ ತಾನೇ ತೆಗೆಯುತ್ತದಂತೆ. ವೇದಿಕೆಯಿಂದ ಮಣ್ಣಿಗೆ ಯಾರೂ ಬರಲಿಲ್ಲ. ಗೊತ್ತಿದ್ದರೆ ತಾನೆ ಬರುವುದು?

ವಾರ ಕಳೆದ ಮೇಲೆ, ಅಂಗಡಿಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ನಾಸೀರ್ ಒಂದು ದಾರಿ ಹೇಳಿದ.

"ಅಮ್ಮಾ, ಅದರಾಗ ಮೋಟಾರ್ ಅಂತ ಒಂದು ಶಬ್ದ ಸೇರಸ್ರಿ. ಬಿಡ್ತದ."

"ಮೋಟಾರಿಗೂ ಸಾವಿಗೂ ಏನೋ ಸಂಬಂಧ?"

"ಸಂಬಂಧ ನಮಗ್ಯಾಕ್ರೀ? ಮಷೀನಿನ ಹೊಟ್ಟಿ ತುಂಬಿದ್ರ ಆತು."

ಅವನೇ ಬರೆದ: "ಮೋಟಾರ್ ಮೆಕಾನಿಕ್ ಪಂಪಣ್ಣ ತೀರಿಕೊಂಡರು." ಯಂತ್ರ ಬಿಟ್ಟಿತು. ಒಲೆಯ ಮೇಲಿನ ಚಹಾ ಕುದಿಯುವಷ್ಟು ಹೊತ್ತು ಸುದ್ದಿ ಅಲ್ಲಿತ್ತು. ಆಮೇಲೆ ನೀವು ಬಂದಿರಿ. "ನಿಯಮ ತಪ್ಪಿಸಲು ಪ್ರಯತ್ನಿಸಿದ್ದೀರಿ. ಇನ್ನೊಮ್ಮೆ ಹೀಗಾದರೆ ಈ ಖಾತೆಯನ್ನೂ ಇದರ ಎಲ್ಲ ಸಂದೇಶಗಳನ್ನೂ ಅಳಿಸಲಾಗುವುದು" ಎಂದು ಎಚ್ಚರಿಸಿದಿರಿ. ನಾನು ಬೇರೆಯಾಗಿ ನಿಮಗೇ ಬರೆದು ಕೇಳಿಕೊಂಡೆ. ನಿಮ್ಮ ಉತ್ತರ ಮರ್ಯಾದೆಯದೇ: "ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ಆದರೆ ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ." ಸರಿ ಮಾನ್ಯರೇ. ನಿಮ್ಮ ಸದಸ್ಯರೆಲ್ಲರೂ ಒಂದು ದಿನ ಸಾಯುವವರೇ. ಆದರೆ ಒಬ್ಬೊಬ್ಬರೂ ಒಂದೇ ಸಲ ಸಾಯುತ್ತಾರೆ. ಅಷ್ಟಕ್ಕೆ ನಿಮ್ಮ ವೇದಿಕೆ ತುಂಬಿಹೋಗುತ್ತದೆಯೇ?

ನಾನು ನಿಯಮದ ವೈರಿಯಲ್ಲ. ನನಗೆ ಕಷ್ಟವಾಗುತ್ತಿರುವುದೂ ಅದೇ, ಏಕೆಂದರೆ ಈ ನಿಯಮ ಬೇಕೆಂದು ಹಟ ಹಿಡಿದವರು ನನ್ನ ಗಂಡನೇ. ಹಿಂದೊಮ್ಮೆ ಸಿಂಧನೂರು ತಾಲೂಕಿನ ಜವಳಗೇರಾದ ಹೊನ್ನೂರಪ್ಪ ಸ್ಟಾರ್ಟರ್ ಮುಟ್ಟಿದರೆ ಕರೆಂಟು ಹೊಡೆಯುತ್ತಿದೆ ಎಂದು ಕೇಳಿದ್ದ. ಅವತ್ತು ಹಬ್ಬ. ಹೂವು, ದೀಪ, ಶುಭಾಶಯಗಳ ಅಡಿಯಲ್ಲಿ ಅವನ ಮಾತು ಯಾರಿಗೂ ಕಾಣಲಿಲ್ಲ. ಅವನ ಆಳಿನ ಅಂಗೈ ಸುಟ್ಟಿತು. ಅವತ್ತು ಇವರು ಊಟ ಮಾಡಲಿಲ್ಲ. ದನಿ ಕಳಿಸಿದರು: "ಹೂವಿನ ಚಿತ್ರ ಹಾಕೋರು ಬ್ಯಾರೆ ಕಡೆ ಹಾಕ್ರೆಪ್ಪಾ. ಇಲ್ಲಿ ಕರೆಂಟಿನ ಮಾತದ." ಆ ದನಿಯನ್ನು ನೀವು ವೇದಿಕೆಯ ತಲೆಯ ಮೇಲೆ ಅಂಟಿಸಿದ್ದೀರಿ. ಇವತ್ತಿಗೂ ಅಲ್ಲೇ ಇದೆ. ಹೂವು ಬೇಡವೆಂದವರು ಸಾವಿನ ಸುದ್ದಿಯೂ ಬೇಡವೆಂದರೇ? ನಾನು ದಿನಾ ಕೇಳಿಕೊಳ್ಳುತ್ತೇನೆ. ಅವರ ಮಾತಿನಲ್ಲಿ ಹಾಗೆ ಕೇಳಿಸುವುದಿಲ್ಲ.

ಸಂಜೆ ಹೊತ್ತು ನಾನು ಅವರ ಫೋನು ತೆರೆದು ಆ ದನಿಗಳನ್ನು ಕೇಳುತ್ತೇನೆ. ತೆರೆದ ಕೂಡಲೇ ಹೊಸ ಪ್ರಶ್ನೆಗಳ ಪಕ್ಕ "ಪಂಪಣ್ಣ ಓದಿದ್ದಾರೆ" ಎಂದು ಗುರುತು ಬೀಳುತ್ತದೆ. ಇದು ನನಗೆ ತಡವಾಗಿ ತಿಳಿಯಿತು. ಹೊನ್ನೂರಪ್ಪ ಬರೆದಿದ್ದಾನೆ: "ಮೋಟಾರ್ ಸುಟ್ಟು ನಾಟಿ ನಿಂತದ. ಪಂಪಣ್ಣ ಎಲ್ಲಾ ನೋಡಾಕತ್ಯಾನ, ಬಾಯಿ ಮಾತ್ರ ಬಿಡವಲ್ಲ." ಅದರ ಕೆಳಗೆ ಲಿಂಗಸುಗೂರಿನವರೊಬ್ಬರು: "ಬಿಡ್ರಿ, ಮೋಟಾರ್ ಡಾಕ್ಟರ್ ದೊಡ್ಡ ಮನಷ್ಯಾ ಆಗ್ಯಾನ. ಇನ್ನ ಚೀಟಿ ಮಾಡಿಸ್ಕೊಂಡು ಸಾಲಾಗಿ ನಿಂದ್ರಬೇಕು." ಈ ಎರಡೂ ಸಾಲುಗಳನ್ನು ಯಾರೂ ಅಳಿಸಿಲ್ಲ. ಎರಡರಲ್ಲೂ ಮೋಟಾರ್ ಎಂಬ ಶಬ್ದವಿದೆ. ಸತ್ತವರನ್ನು ಸೊಕ್ಕಿನವರೆಂದು ಹಂಗಿಸುವುದು ವಿಷಯಕ್ಕೆ ಸಂಬಂಧಿಸಿದೆ, ಅವರು ಸತ್ತಿದ್ದಾರೆ ಎನ್ನುವುದು ವಿಷಯಾಂತರ.

ಹೊನ್ನೂರಪ್ಪನಿಗೆ ಫೋನು ಮಾಡಿ ಹೇಳೋಣವೆಂದರೆ ಸದಸ್ಯರ ನಂಬರು ಯಾರಿಗೂ ಕಾಣದಂತೆ ನೀವು ಮುಚ್ಚಿದ್ದೀರಿ. ವೇದಿಕೆಯಲ್ಲೇ ಇನ್ನೊಮ್ಮೆ ಬರೆಯೋಣವೆಂದರೆ ಖಾತೆ ಹೋಗುತ್ತದೆ, ಅದರ ಜೊತೆ ಅವರ ದನಿಯೂ ಹೋಗುತ್ತದೆ. ನನ್ನ ಹತ್ತಿರ ಉಳಿದಿರುವುದು ಆ ದನಿ. ಅದಕ್ಕೇ ಈ ಪತ್ರವನ್ನು ಸಿಂಧನೂರಿನ ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಕೇಳುವುದು ಇಷ್ಟೇ. ಪಂಪಣ್ಣ ತೀರಿಕೊಂಡಿದ್ದಾರೆ, ಅದಕ್ಕೇ ಅವರಿಂದ ಉತ್ತರ ಬರುತ್ತಿಲ್ಲ ಎಂದು ವೇದಿಕೆಯಲ್ಲಿ ನೀವೇ ಬರೆಯಿರಿ. ನಿಮ್ಮ ಮಾತನ್ನು ನೀವು ಅಳಿಸಲಾರಿರಿ. ಅವರ ದನಿ ಎಲ್ಲಿದೆಯೋ ಅದರ ಕೆಳಗೆ ಹಾಕಿ. ಬೇಕಾದರೆ ಕೈಮುಗಿದ ಚಿತ್ರ, ಹೂವು ಯಾರೂ ಹಾಕದಂತೆ ಅದಕ್ಕೆ ಬೀಗ ಜಡಿಯಿರಿ. ಅವರಿದ್ದರೂ ಹಾಗೇ ಮಾಡಿ ಅನ್ನುತ್ತಿದ್ದರು. ನನ್ನ ಗಂಡ ಯಾರಿಗೂ ಬೇಕೆಂದು ಉತ್ತರ ತಪ್ಪಿಸಿದವರಲ್ಲ, ಅದು ಅವರ ಜನಕ್ಕೆ ಗೊತ್ತಾಗಬೇಕು.

ಮಧ್ಯಾಹ್ನ ಹೊನ್ನೂರಪ್ಪ ಮತ್ತೊಂದು ಸಾಲು ಬರೆದಿದ್ದಾನೆ: "ಮೋಟಾರ್ ಹೊತ್ಕೊಂಡು ನಾಳೆ ಮಸ್ಕಿಗೇ ಬರ್ತೀನಿ. ಎದುರಿಗೆ ನಿಂತು ಮಾರಿ ನೋಡಿ ಕೇಳ್ತೀನಿ ಪಂಪಣ್ಣಗ, ನನ್ನಿಂದ ಏನು ತಪ್ಪಾತು ಅಂತ."

ಇಂತಿ,
ನಿಮ್ಮ ವೇದಿಕೆಯಲ್ಲಿ ಓದಿಯೂ ಉತ್ತರ ಕೊಡದ ಸದಸ್ಯರ ಹೆಂಡತಿ,
ಪಾರ್ವತೆಮ್ಮ, ಮಸ್ಕಿ

ಈ ಪತ್ರ ನಾಳೆಗೆ ಅಚ್ಚಾಗುವುದಿಲ್ಲ. ಸಿಂಧನೂರಿನ ಮೊದಲ ಬಸ್ಸು ಎಂಟಕ್ಕೆ ಬರುತ್ತದೆ, ಅಂಗಡಿಯ ಬಾಗಿಲು ನಾನು ತೆಗೆಯುತ್ತೇನೆ.