ಮೂರು ತೂತಿನ ಆಪರೇಷನ್

ಏಪ್ರಿಲ್ ೯, ಬುಧವಾರ

ಪ್ರೀತಿಯ ಗುಬ್ಬಿಗೆ ಅಮ್ಮನ ಆಶೀರ್ವಾದಗಳು.

ಮಗು ಹುಷಾರಾಗಿದೆ. ಏಳು ತಿಂಗಳ ಬಸುರಿ ನೀನು, ಗಾಬರಿಯಿಂದ ಓದಬಾರದು ಎಂದು ಮೊದಲೇ ಬರೆದುಬಿಟ್ಟೆ. ಮೂರು ವಾರದಿಂದ ಬರೆಯುತ್ತೇನೆ, ಬರೆಯುತ್ತೇನೆ ಎಂದುಕೊಂಡೇ ದಿನ ತಳ್ಳಿದೆ, ತಪ್ಪಾಯಿತು. "ಅಮ್ಮಾ, ಡಾಕ್ಟರ್ ಮಾತಾಡ್ತಿರೋವಾಗಲೇ ನೀನು ಎದ್ದು ಹೋದ್ಯಂತೆ, ತಮ್ಮ ಹೇಳ್ದ. ಏನಾಯ್ತು?" ಎಂದು ನೀನು ಫೋನಿನಲ್ಲಿ ಎರಡು ಸಲ ಕೇಳಿದೆ. ಎರಡು ಸಲವೂ ಬಾಗಿಲಿಗೆ ಯಾರೋ ಬಂದರು ಎಂದು ಫೋನ್ ಇಟ್ಟೆ. ಯಾರೂ ಬಂದಿರಲಿಲ್ಲ.

ನಿನ್ನ ತಮ್ಮನ ಮಗುವಿಗೆ ವಾಂತಿ ಶುರುವಾದಾಗ ಮೂರು ವಾರ ತುಂಬಿ ನಾಲ್ಕು ದಿನ. ಎಳೆಮಕ್ಕಳು ಹಾಲು ಕಕ್ಕುವುದು ಹೊಸದಲ್ಲ, ಆದರೆ ಇದು ಕಕ್ಕುವುದಲ್ಲ, ಎರಚುವುದು. ಕುಡಿದದ್ದಷ್ಟೂ ಚಿಮ್ಮಿಕೊಂಡು ಬಂದು ಗೋಡೆಗೆ ಬೀಳುತ್ತಿತ್ತು. ಮರುಗಳಿಗೆಯೇ ಹಸಿವು ಎಂದು ಮತ್ತೆ ಬಾಯಿ ತೆರೆಯುತ್ತಿತ್ತು. ನನಗೆ ಅನುಮಾನ ಬಂದದ್ದು ಸೊಸೆಯ ಮೇಲೆ. ಅಮ್ಮ ಅನುಮಾನದ ಪಿಶಾಚಿ ಎಂದು ನೀನು ಆಡಿಕೊಳ್ಳುತ್ತೀಯಲ್ಲ, ಆಡಿಕೋ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅವಳು ಕುಡಿದಿಟ್ಟ ಲೋಟ ಮೂಸಿ ನೋಡಿದೆ. ಅವಳ ಕಪಾಟಿನಲ್ಲಿ ಮಾತ್ರೆ ಏನಾದರೂ ಇದೆಯೇ ಎಂದು ಸೀರೆಗಳ ಸಂದಿಯಲ್ಲೆಲ್ಲ ಕೈಯಾಡಿಸಿದೆ.

"ನಿನ್ನೆ ಏನು ತಿಂದೆ?" ಎಂದು ಕೇಳಿದರೆ, "ನೀವು ಮಾಡಿದ್ದೇ ತಿಂದಿದ್ದು, ಅತ್ತೆ" ಎಂದಳು.

"ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದುಬಿಟ್ಟೆ. ಮಗುವಿಗೆ ಹಾಲು ಕೊಡುತ್ತಾ ಕೂತಿದ್ದವಳು ಸೆರಗನ್ನು ಇನ್ನಷ್ಟು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

ಬೀದಿ ತುದಿಯ ಕ್ಲಿನಿಕ್ಕಿನ ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, "ಮನೇಲಿ ಬೇರೆ ಯಾವ್ದಾದ್ರೂ ಮಗುಗೆ ಹೀಗಾಗಿತ್ತಾ? ಹಿಂದೆ ಯಾವಾಗಾದ್ರೂ?" ಎಂದು ಕೇಳಿದರು.

"ನಮ್ಮ ಕಡೆ ಯಾರಿಗೂ ಇಲ್ಲ. ಅವ್ರ ಕಡೆ ನಂಗೊತ್ತಿಲ್ಲ" ಎಂದೆ, ಸೊಸೆಯನ್ನೇ ನೋಡುತ್ತಾ. ಹಾಗಿದ್ದರೆ ಗಾಳಿ ಸೇರಿರಬೇಕು ಎಂದು ಹನಿ ಔಷಧಿ ಬರೆದುಕೊಟ್ಟು, ಒಂದು ವಾರ ನೋಡಿ ಎಂದರು. ವಾರ ಎಲ್ಲಿ ಬಂತು! ನಾಲ್ಕನೆಯ ದಿನಕ್ಕೆ ಮಗು ಅತ್ತರೆ ಕಣ್ಣೀರಿಲ್ಲ, ಬಟ್ಟೆ ಒದ್ದೆಯಾಗುತ್ತಿಲ್ಲ. ತೊಡೆಯ ಚರ್ಮ ದೊಡ್ಡಳತೆಯ ಚಡ್ಡಿ ತೊಡಿಸಿದ ಹಾಗೆ ಸಡಿಲವಾಗಿತ್ತು. ದೊಡ್ಡಾಸ್ಪತ್ರೆಗೆ ಓಡಿದೆವು.

ಅಲ್ಲಿ ಸ್ಕ್ಯಾನ್ ಮಾಡಿ, ಮಕ್ಕಳ ಸರ್ಜನ್ ಬರುತ್ತಾರೆ ಎಂದರು. ಬಂದದ್ದು ನನ್ನ ಭುಜದೆತ್ತರದ ಹೆಣ್ಣುಮಗಳು. "ಅಜ್ಜಿ, ಜಠರದ ಕೆಳಬಾಗಿಲಿನ ಸ್ನಾಯು ದಪ್ಪ ಆಗ್ಬಿಟ್ಟಿದೆ. ಹಾಲು ಕೆಳಗೆ ಇಳೀತಾನೇ ಇಲ್ಲ. ಹೊಟ್ಟೇಲಿ ಮೂರು ಸಣ್ಣ ತೂತು ಮಾಡ್ತೀವಿ. ಒಂದ್ರಲ್ಲಿ ಕ್ಯಾಮೆರಾ, ಇನ್ನೆರಡ್ರಲ್ಲಿ ಉಪಕರಣ" ಎಂದಳು. ಮಗುವನ್ನು ಎದುರಿಗೆ ಮಲಗಿಸಿಕೊಂಡು ಇವರು ಟಿವಿ ನೋಡಿಕೊಂಡು ಕೊಯ್ಯುತ್ತಾರಂತೆ ಕಣೇ! ಕೈ ನೋಡಿದೆ. ಬಳೆ ತೊಡಿಸಿದರೆ ಜಾರಿ ಬೀಳುವಂಥ ಕೈ.

"ಇಂಥದ್ದು ಎಷ್ಟು ಮಾಡಿದೀಯಮ್ಮಾ?" ಎಂದೆ.

"ಇನ್ನೂರರ ಮೇಲೆ."

"ಬದುಕಿದ್ದೆಷ್ಟು?"

ನಿನ್ನ ತಮ್ಮ ನನ್ನ ಮೊಣಕೈ ಚಿವುಟಿದ. ಅವಳು ಮಾತ್ರ ನಕ್ಕು, "ಎಲ್ಲಾನೂ" ಎಂದಳು. ಅಂಥ ಮಾತಿಗೂ ಕೋಪ ಬರದವರನ್ನು ಕಂಡರೆ ನನಗೆ ಇನ್ನೂ ಅನುಮಾನ ಹೆಚ್ಚು. ಇವತ್ತೇ ಮಾಡಿ ಎಂದರೆ ಮಾಡಲೂ ಇಲ್ಲ. ರಕ್ತದಲ್ಲಿ ಉಪ್ಪಿನಂಶ ಏರುಪೇರಾಗಿದೆ, ಅದು ಸರಿಹೋಗುವವರೆಗೆ ಮುಟ್ಟುವುದಿಲ್ಲ ಎಂದು ಎರಡು ದಿನ ಡ್ರಿಪ್ ಹಾಕಿ ಮಲಗಿಸಿದರು. ಇವರಿಗೇ ಧೈರ್ಯವಿಲ್ಲ ಎಂದು ನಾನು ಕಾರಿಡಾರಿನಲ್ಲಿ ನಾಲ್ಕು ಜನಕ್ಕೆ ಹೇಳಿದೆ.

ಮೂರನೆಯ ದಿನ ಬೆಳಿಗ್ಗೆ ಮಗುವನ್ನು ಒಳಗೆ ಎತ್ತಿಕೊಂಡು ಹೋದವರು ಒಂದು ರವಿಕೆಗೆ ಕಾಜಾ ಹೊಲಿದು ಮುಗಿಸುವಷ್ಟರಲ್ಲಿ ಮುಗಿಯಿತು ಎಂದರು. ಕೊಟ್ಟದ್ದು ನಮ್ಮ ಮಗುವನ್ನೇ ಎಂದು ಖಾತ್ರಿ ಮಾಡಿಕೊಳ್ಳಲು ಮೊದಲು ಕಿವಿಯ ಹಿಂದಿನ ಮಚ್ಚೆ ನೋಡಿದೆ. ಆಮೇಲೆ ಅಂಗಿ ಎತ್ತಿದೆ. ಹೊಕ್ಕುಳಲ್ಲಿ ಒಂದು ಗೀರು, ಅಕ್ಕಪಕ್ಕ ಸೊಳ್ಳೆ ಕಚ್ಚಿದಂತೆ ಎರಡು ಗುರುತು. ಹೊಲಿಗೆ ಎಲ್ಲಿ ಎಂದರೆ ಅಂಟು ಹಾಕಿದ್ದೇವೆ ಎಂದಳು ನರ್ಸು. ಮೂವತ್ತೆರಡು ವರ್ಷ ಮೆಷಿನ್ ತುಳಿದವಳಿಗೆ ಹೊಲಿಗೆಯೇ ಇಲ್ಲದ ಕೆಲಸ ತೋರಿಸಿದರೆ ಅದನ್ನು ಕೆಲಸ ಎನ್ನಲಿಕ್ಕಾಗುತ್ತದೆಯೇ? ಸಾಯಂಕಾಲ ಮಗು ಹಾಲು ಕುಡಿದು ದಕ್ಕಿಸಿಕೊಂಡಿತು. ಡ್ರಿಪ್ಪಿನ ಗುಣ ಎಂದುಕೊಂಡೆ. ಏನೂ ಮಾಡದೆ ಮಾಡಿದೆವು ಎನ್ನುತ್ತಿದ್ದಾರೆ, ನನಗೆ ತೋರಿಸಲಿ ಎಂದು ಹಟ ಹಿಡಿದೆ.

ಡಾಕ್ಟರಮ್ಮ ತೋರಿಸಿಯೇಬಿಟ್ಟಳು. ಮಾರನೆಯ ದಿನ ಬೆಳಿಗ್ಗೆ ನನ್ನನ್ನೂ ನಿನ್ನ ತಮ್ಮನನ್ನೂ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಒಳಗಿನ ಕ್ಯಾಮೆರಾ ತೆಗೆದದ್ದನ್ನು ಪರದೆಯ ಮೇಲೆ ಹಾಕಿದಳು. ಹೆಬ್ಬೆರಳ ತುದಿಯಷ್ಟು ಬಿಳಿಚಿದ ಗಂಟು. ಅದರ ಮೇಲೆ ಒಂದು ಗೆರೆ ಎಳೆದರು. ಆಮೇಲೆ ಇಕ್ಕಳದ ಬಾಯಿ ಇಷ್ಟಿಷ್ಟೇ ಅಗಲಿಸುತ್ತಾ ಹೋದರು. "ಮೇಲಿನ ದಪ್ಪ ಪದರ ಮಾತ್ರ ಬಿಡಿಸ್ಬೇಕು ಅಜ್ಜಿ, ಒಳಗಿನ ತೆಳು ಪದರಕ್ಕೆ ಗೀರೂ ತಾಗಬಾರ್ದು" ಎಂದಳು. ಬಿಗಿಯಾದ ತೋಳಿನ ಪಟ್ಟಿಯನ್ನು ಲೈನಿಂಗ್ ಹರಿಯದ ಹಾಗೆ ಸಡಿಲಿಸುವುದು ಎಂಥ ಕೆಲಸ ಎಂದು ನನಗೆ ಗೊತ್ತಿಲ್ಲವೇ! ನನ್ನ ಹತ್ತಿರ ಹೊಲಿಗೆ ಕಲಿತ ಹನ್ನೊಂದು ಹುಡುಗಿಯರಲ್ಲಿ ಏಳು ಜನ ಲೈನಿಂಗ್ ಹರಿದವರೇ. ಅದನ್ನು ಮೂರು ಸಲ ಹಾಕಿಸಿ ನೋಡಿದೆ. ಮೂರು ಸಲವೂ ಒಳಪದರ ಇಡಿಯಾಗಿ ಉಬ್ಬಿ ಬಂತು. ನನ್ನ ಕಣ್ಣಲ್ಲಿ ನೀರು ಬಂತು.

"ಹಾಗಾದ್ರೆ ಇದು ಹಾಲಿನ ದೋಷ ಅಲ್ವಾ?" ಎಂದೆ.

"ಛೆ ಛೆ, ಹಾಲಿಗೂ ಇದಕ್ಕೂ ಸಂಬಂಧಾನೇ ಇಲ್ಲ. ಯಾರು ಹಾಲು ಕೊಟ್ಟಿದ್ರೂ ಹೀಗೇ ಆಗ್ತಿತ್ತು."

"ಈ ಆಪರೇಷನ್ ಈಚೀಚೆಗೆ ಬಂದಿದ್ದಲ್ವಾ?"

"ತೂತು ಮಾಡಿ ಮಾಡೋದು ಈಚೆಗೆ. ಹೊಟ್ಟೆ ಕೊಯ್ದು ಇದನ್ನೇ ಮಾಡೋದು ನೂರು ವರ್ಷದಿಂದ ಇದೆ, ಅಜ್ಜಿ."

ಆಗ ನಾನು ಎದ್ದು ಬಂದೆ. ಆ ಕೋಣೆಯ ಎಸಿ ಮೈ ಕೊರೆಯುತ್ತಿತ್ತು, ತಲೆ ಸುತ್ತಿದ ಹಾಗಾಯಿತು, ಅಷ್ಟೇ.

ಈಗ ಮಗು ಮೈ ತುಂಬಿಕೊಂಡಿದೆ. ಗುರುತುಗಳನ್ನು ಹುಡುಕಬೇಕು, ಹಾಗಾಗಿವೆ. ಸೊಸೆಯ ಕೈ ಹಿಡಿದು ತಪ್ಪಾಯಿತಮ್ಮಾ ಎಂದೆ. ಇವರಿಗೆ ಇನ್ನೇನು ಬೇಕಾಗಿದೆಯೋ ಎಂಬ ಹಾಗೆ ನನ್ನ ಮುಖ ನೋಡಿದಳು. ಅನುಮಾನ ಅಂಟುಜಾಡ್ಯ, ನೋಡು. ಎರಡು ವಾರದಿಂದ ದಿನಾ ಅವಳ ಮುಂದೆ ಕೂತು ಮಗು ಹಾಲು ಕುಡಿಯುವುದನ್ನು ನೋಡುತ್ತೇನೆ. ನಿನ್ನೆ ಮೊದಲ ಸಲ ಅವಳು ಗೋಡೆಯ ಕಡೆ ತಿರುಗಲಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಮೆಟ್ಟಿಲು ಮೆಲ್ಲಗೆ ಹತ್ತು. ಅಳಿಯಂದಿರನ್ನು ಕೇಳಿದೆ ಎಂದು ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ, ಸುಖವಾಗಿ ಹೆರಿಗೆಯಾಗಲಿ, ಬರುವ ಕಂದ ನೂರು ವರ್ಷ ಬಾಳಲಿ.

ನಿನ್ನ
ಅಮ್ಮ

ತಾ.ಕ.: ಎಸಿಯ ಮಾತು ಸುಳ್ಳು. ನಿನಗೊಬ್ಬ ಅಣ್ಣ ಇದ್ದ, ಗುಬ್ಬಿ. ನೀನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು ಹುಟ್ಟಿ ಆರು ವಾರ ಬದುಕಿದ್ದ. ಅವನದೂ ಇದೇ ವಾಂತಿ, ಇದೇ ಹಸಿವು. ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. "ನಿನ್ನ ಹಾಲೇ ವಿಷ" ಎಂದರು ನಿನ್ನಜ್ಜಿ, ನನ್ನ ಅತ್ತೆ. ನಾನು ನಂಬಿದೆ. ಈ ಸಲ ಕ್ಲಿನಿಕ್ಕಿನ ಡಾಕ್ಟರೂ ಅದನ್ನೇ ಹೇಳಿಬಿಟ್ಟರೆ ಎಂದು ಹೆದರಿ ಯಾರಿಗೂ ಇಲ್ಲ ಎಂದೆ. ಈ ಮಗು ನಾಲ್ಕು ದಿನ ಒಣಗಿದ್ದು ನನ್ನಿಂದ. ಇದು ಒಂದೇ ಮನೆತನದಲ್ಲಿ ಮತ್ತೆ ಬರಬಹುದಂತೆ, ನಿನ್ನ ಡಾಕ್ಟರಿಗೆ ಇವತ್ತೇ ಹೇಳು.

ನಿನ್ನನ್ನು ಹನ್ನೊಂದು ದಿನದ ಕೂಸಿನಲ್ಲೇ ಚಿಕ್ಕಮ್ಮನ ಮನೆಗೆ ಕೊಟ್ಟು ಕಳಿಸಿದೆ. ಹೆಣ್ಣೆಂದು ಬೇಡವಾದೆ ಎಂದು ನೀನು ಇವತ್ತಿಗೂ ತಿಳಿದಿದ್ದೀಯ. ಹಾಲು ಬರಲಿಲ್ಲ ಎಂದು ನಾನು ಹೇಳುತ್ತಲೇ ಬಂದೆ. ಬರುತ್ತಿತ್ತು. ಐದು ತಿಂಗಳು ಬಚ್ಚಲಲ್ಲಿ ನಿಂತು ಹಿಂಡಿ ಚೆಲ್ಲಿದೆ.